ಸುದ್ದಿಯ ಒಳಗೆ ನಿಂತು ನೋಡುವಾಗ: ಇಮ್ಮರ್ಸಿವ್ ಪತ್ರಿಕೋದ್ಯಮದ ಬಗ್ಗೆ ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಕುಶಾಲನಗರ ಕಡೆ ಪತ್ರಿಕೋದ್ಯಮ ಓದುವ ಹುಡುಗ ಹುಡುಗಿಯರು, ಊರಿನ ವರದಿಗಾರರು, ಕೆಲವೊಮ್ಮೆ ಕ್ಯಾಮೆರಾ ಎದುರು ಕೂತ ಮನೆಯವರೇ ಕೇಳಿದ ಪ್ರಶ್ನೆಗಳಿವು. ಕೆಲವು ಮಾತಿನ ನಡುವೆ ಬಂದವು, ಕೆಲವು ಪತ್ರದಲ್ಲಿ, ಇನ್ನು ಕೆಲವು ಬರಹಗಳ ಕೆಳಗಿನ ಕಾಮೆಂಟಿನಲ್ಲಿ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಎಲ್ಲವನ್ನೂ ಓದಬೇಕೆಂದಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಓದುಗರನ್ನು ಸುದ್ದಿ ನಡೆದ ಜಾಗದಲ್ಲೇ ನಿಲ್ಲಿಸಿದಂತೆ ಮಾಡುವ ಈ ತಂತ್ರ ಒಳ್ಳೆಯದು, ನಮ್ಮ ಜಿಲ್ಲೆಯಲ್ಲೂ ಬಳಸಬೇಕು. ಆದರೆ ನೋಡುವವರಿಗೆ ಏನನಿಸಿತು ಅನ್ನುವುದಕ್ಕಿಂತ ಮುಂಚೆ, ಯಾರ ಮನೆಯೊಳಗೆ ನಿಂತು ನೋಡುತ್ತಿದ್ದೇವೋ ಅವರಿಗೆ ಏನಾಗುತ್ತದೆ ಅನ್ನುವುದು ಬರಬೇಕು.

## ಈಗಷ್ಟೇ ಶುರು ಮಾಡುವವರಿಗೆ

ಇಮ್ಮರ್ಸಿವ್ ಪತ್ರಿಕೋದ್ಯಮ ಅಂದ್ರೆ ಏನು? ಟಿವಿ ಸುದ್ದಿಗೂ ಇದಕ್ಕೂ ಏನು ವ್ಯತ್ಯಾಸ?

ಟಿವಿಯಲ್ಲಿ ಕ್ಯಾಮೆರಾದವರು ತೋರಿಸಿದ್ದನ್ನು ಮಾತ್ರ ನೋಡುತ್ತೀರಿ. ಇಲ್ಲಿ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಳ್ಳುತ್ತೀರಿ. ತಲೆ ಎಡಕ್ಕೆ ತಿರುಗಿಸಿದರೆ ಎಡಗಡೆ ಇರುವುದು ಕಾಣುತ್ತದೆ, ಹಿಂದೆ ತಿರುಗಿದರೆ ಹಿಂದಿನದು. ಸದ್ದೂ ಆಯಾ ದಿಕ್ಕಿನಿಂದಲೇ ಬರುತ್ತದೆ. ಹಾಗಾಗಿ ಸುದ್ದಿ ನಡೆದ ಜಾಗದಲ್ಲಿ ತಾನೇ ನಿಂತಿದ್ದೇನೆ ಅನಿಸುತ್ತದೆ.

ಇದರಲ್ಲಿ ಎರಡು ಬಗೆ ಇದೆ. ಒಂದು, 360 ಡಿಗ್ರಿ ಕ್ಯಾಮೆರಾದಲ್ಲಿ ನಿಜವಾದ ಜಾಗವನ್ನೇ ಚಿತ್ರೀಕರಿಸುವುದು. ಇದರಲ್ಲಿ ಕ್ಯಾಮೆರಾ ಇಟ್ಟ ಕಡೆ ನಿಂತು ಸುತ್ತ ನೋಡಬಹುದು ಅಷ್ಟೇ. ಇನ್ನೊಂದು, ಆ ಜಾಗವನ್ನು ಕಂಪ್ಯೂಟರ್‌ನಲ್ಲಿ ಕಟ್ಟುವುದು. ಅಲ್ಲಿ ನಡೆದಾಡಬಹುದು, ಬಗ್ಗಿ ನೋಡಬಹುದು. ಮೊದಲನೆಯದು ಸಿಕ್ಕಿದ್ದನ್ನು ದಾಖಲಿಸುತ್ತದೆ. ಎರಡನೆಯದನ್ನು ಯಾರೋ ಕೂತು ಮಾಡಿರುತ್ತಾರೆ. ನೀತಿಯ ಪ್ರಶ್ನೆ ಬಂದಾಗ ಈ ವ್ಯತ್ಯಾಸ ತುಂಬಾ ಮುಖ್ಯವಾಗುತ್ತದೆ.

ಇದನ್ನು ಶುರು ಮಾಡಿದ್ದು ಯಾರು?

ಅಮೆರಿಕದ ಪತ್ರಕರ್ತೆ ನೋನಿ ಡೆ ಲಾ ಪೆನ್ಯಾ ಅವರ ಹೆಸರು ಮೊದಲು ಬರುತ್ತದೆ. 2010ರಲ್ಲಿ ಅವರು, ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಹೆಡ್‌ಸೆಟ್‌ನೊಳಗೆ ಸುತ್ತಲೂ ಕಾಣುವ ಜಗತ್ತು) ಸಂಶೋಧಕ ಮೆಲ್ ಸ್ಲೇಟರ್ ಮತ್ತಿತರರು ಸೇರಿ ಬರೆದ ಪ್ರಬಂಧ ಈ ಕ್ಷೇತ್ರಕ್ಕೆ ಹೆಸರು ಕೊಟ್ಟಿತು. 2012ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಲನಚಿತ್ರೋತ್ಸವದಲ್ಲಿ ಅವರ 'ಹಂಗರ್ ಇನ್ ಲಾಸ್ ಏಂಜಲೀಸ್' ಪ್ರದರ್ಶನವಾಯಿತು. ಉಚಿತ ಆಹಾರಕ್ಕಾಗಿ ನಿಂತ ಸಾಲಿನಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ವ್ಯಕ್ತಿ ಕುಸಿದು ಬೀಳುತ್ತಾನೆ. ಧ್ವನಿ ಆ ಸಾಲಿನಲ್ಲೇ ರೆಕಾರ್ಡ್ ಮಾಡಿದ್ದು, ಜನರ ಆಕೃತಿಗಳು ಮಾತ್ರ ಕಂಪ್ಯೂಟರ್‌ನವು. ನೋಡಿದವರಲ್ಲಿ ಕೆಲವರು ಆ ಬಿದ್ದ ಮನುಷ್ಯನ ಪಕ್ಕ ಮಂಡಿಯೂರಿದರು, ಕೆಲವರು ಅತ್ತರು. ಅಲ್ಲಿ ಯಾರೂ ಇರಲಿಲ್ಲ, ಖಾಲಿ ನೆಲ.

2015ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ತನ್ನ ಚಂದಾದಾರರಿಗೆ ಫೋನ್ ಒಳಗಿಟ್ಟು ಕಣ್ಣಿಗೆ ಹಿಡಿಯುವ ಹತ್ತು ಲಕ್ಷಕ್ಕೂ ಹೆಚ್ಚು ರಟ್ಟಿನ ವೀಕ್ಷಕಗಳನ್ನು ಹಂಚಿತು. ಯುದ್ಧದಿಂದ ಮನೆ ಬಿಟ್ಟ ಮೂವರು ಮಕ್ಕಳ ಕಥೆಯನ್ನು ಅದರಲ್ಲಿ ತೋರಿಸಿತು. 2016ರಲ್ಲಿ ಗಾರ್ಡಿಯನ್ ಪತ್ರಿಕೆ ಅಮೆರಿಕದ ಜೈಲುಗಳ ಒಂಟಿ ಕೋಣೆಯೊಳಗೆ ಓದುಗರನ್ನು ಕೂರಿಸಿತು. ಆಮೇಲೆ ಉತ್ಸಾಹ ತಗ್ಗಿತು. ಗೂಗಲ್ ತನ್ನ ರಟ್ಟಿನ ವೀಕ್ಷಕದ ಮಾರಾಟವನ್ನು 2021ರಲ್ಲಿ ನಿಲ್ಲಿಸಿತು. ಆಗ ಎದ್ದ ಪ್ರಶ್ನೆಗಳು ಮಾತ್ರ ಇನ್ನೂ ಹಾಗೇ ಇವೆ.

ಅಷ್ಟೆಲ್ಲ ದುಡ್ಡು ನಮ್ಮತ್ರ ಎಲ್ಲಿದೆ? ಕೊಡಗಿನಲ್ಲಿ ಇದು ಆಗೋ ಮಾತಾ?

ಆಗುತ್ತದೆ. ಎರಡು ಲೆನ್ಸಿನ, ಅಂಗೈಯಲ್ಲಿ ಹಿಡಿಯುವ 360 ಕ್ಯಾಮೆರಾಗಳು ಈಗ ಒಂದು ಒಳ್ಳೆಯ ಫೋನಿನ ಬೆಲೆಗೆ ಸಿಗುತ್ತವೆ. ನೋಡುವವರಿಗೆ ಹೆಡ್‌ಸೆಟ್ ಬೇಕೇ ಬೇಕು ಅಂತಿಲ್ಲ. ಮೊಬೈಲ್ ಹಿಡಿದು ಸುತ್ತ ತಿರುಗಿಸಿ ನೋಡಬಹುದು. ಪರಿಣಾಮ ಕಡಿಮೆ, ಆದರೆ ಪೂರ್ತಿ ಇಲ್ಲ ಅಂತಲ್ಲ. ನಮ್ಮಲ್ಲಿ ದೊಡ್ಡ ಅಡ್ಡಿ ನೆಟ್‌ವರ್ಕ್. 360 ವಿಡಿಯೊ ಫೈಲು ಭಾರ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುವ ಊರಲ್ಲಿ ಅದು ತೆರೆಯುವುದೇ ಕಷ್ಟ.

ನನ್ನನ್ನು ಕೇಳಿದರೆ ಸದ್ದಿನಿಂದ ಶುರು ಮಾಡಿ. ಗುಡ್ಡ ಜಾರಿದ ಊರುಗಳಲ್ಲಿ ಜನ ಮಾತು ಶುರು ಮಾಡುವುದೇ ಶಬ್ದದಿಂದ. ಏನೋ ಗುಡುಗಿದ ಹಾಗಾಯಿತು, ನೆಲದೊಳಗಿಂದ ಬಂದ ಹಾಗಿತ್ತು ಅನ್ನುತ್ತಾರೆ. ಇಯರ್‌ಫೋನ್ ಹಾಕಿ ಕೇಳಿದರೆ ಸುತ್ತಲಿಂದ ಬಂದಂತೆ ಕೇಳಿಸುವ ಹಾಗೆ ರೆಕಾರ್ಡ್ ಮಾಡಬಹುದು. ಫೈಲು ಚಿಕ್ಕದು, ಖರ್ಚೂ ಕಡಿಮೆ.

ವೇಷ ಮರೆಸಿಕೊಂಡು ಹೋಗಿ ವರದಿ ಮಾಡ್ತಾರಲ್ಲ, ಅದೂ ಇದೇನಾ?

ಅದು ಇದಕ್ಕಿಂತ ಹಳೆಯದು. 1887ರಲ್ಲಿ ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈ ಹುಚ್ಚಿಯ ಹಾಗೆ ನಟಿಸಿ ನ್ಯೂಯಾರ್ಕಿನ ಮಾನಸಿಕ ಆಸ್ಪತ್ರೆ ಸೇರಿದರು. ಹತ್ತು ದಿನ ಒಳಗಿದ್ದು, ಹೊರಬಂದು ಬರೆದರು. ಜರ್ಮನಿಯ ಪತ್ರಕರ್ತ ಗುಂಟರ್ ವಾಲ್‌ರಾಫ್ ಟರ್ಕಿಯ ಕೂಲಿಯವನ ವೇಷದಲ್ಲಿ ಕೆಲಸ ಮಾಡಿ 1985ರಲ್ಲಿ ಪುಸ್ತಕ ಪ್ರಕಟಿಸಿದರು. ಅಲ್ಲಿ ಒಳಗೆ ಹೋಗುವವರು ವರದಿಗಾರರು. ಇಲ್ಲಿ ಓದುಗರನ್ನೇ ಒಳಗೆ ಕಳಿಸುತ್ತೇವೆ. ಅದರಲ್ಲಿ ಮುಖ್ಯ ತೊಡಕು ಮೋಸ, ಇದರಲ್ಲಿ ಮುಖ್ಯ ತೊಡಕು ಮನೆಯವರ ಬದುಕು ಎಲ್ಲರ ಕಣ್ಣಿಗೆ ಬಯಲಾಗುವುದು. ಗುಟ್ಟಾಗಿ ರೆಕಾರ್ಡ್ ಮಾಡುವ ವಿಷಯದಲ್ಲಿ ಭಾರತೀಯ ಪತ್ರಿಕಾ ಮಂಡಳಿಯ ನಡತೆ ಸೂತ್ರ ಸ್ಪಷ್ಟವಾಗಿದೆ. ವರದಿಗಾರರ ಕಾನೂನು ರಕ್ಷಣೆಗೆ ಬೇಕಾದರೆ ಅಥವಾ ಬಲವಾದ ಒಳ್ಳೆಯ ಕಾರಣವಿದ್ದರೆ ಮಾತ್ರ. 360 ಕ್ಯಾಮೆರಾವನ್ನು ಅಡಗಿಸಿಟ್ಟು ಚಿತ್ರೀಕರಿಸುವುದಕ್ಕೆ ಅಂಥ ಕಾರಣ ಸಿಗುವುದು ಬಹಳ ಅಪರೂಪ.

## ನೋಡುವವರ ಮನಸ್ಸಿನ ಬಗ್ಗೆ

ನಿಜ ಅಲ್ಲ ಅಂತ ಗೊತ್ತಿದ್ರೂ ಎದೆ ಯಾಕೆ ಹಾಗೆ ಹೊಡ್ಕೊಳ್ಳುತ್ತೆ?

ಗೊತ್ತಿರುವುದು ಬೇರೆ, ಮೈ ಒಪ್ಪುವುದು ಬೇರೆ. 1998ರಲ್ಲಿ ಬಾಟ್ವಿನಿಕ್ ಮತ್ತು ಕೊಹೆನ್ ಒಂದು ಪ್ರಯೋಗ ಮಾಡಿದರು. ಮೇಜಿನ ಮೇಲೆ ರಬ್ಬರ್ ಕೈ, ನಿಜವಾದ ಕೈ ಮರೆಯಲ್ಲಿ. ಎರಡನ್ನೂ ಒಂದೇ ಸಮಯಕ್ಕೆ ಬ್ರಷ್‌ನಿಂದ ಸವರಿದರು. ಸ್ವಲ್ಪ ಹೊತ್ತಿನಲ್ಲಿ ಕೂತವರಿಗೆ ಆ ರಬ್ಬರ್ ಕೈಯೇ ತಮ್ಮದು ಅನಿಸತೊಡಗಿತು. ಕಣ್ಣು ಮತ್ತು ಸ್ಪರ್ಶ ಒಂದೇ ಮಾತು ಹೇಳಿದರೆ ಮಿದುಳು ಅದನ್ನು ನಂಬುತ್ತದೆ.

ಮೆಲ್ ಸ್ಲೇಟರ್ ಇದನ್ನು ಎರಡು ಭ್ರಮೆಗಳಾಗಿ ಬಿಡಿಸುತ್ತಾರೆ. ಒಂದು, ನಾನು ಆ ಜಾಗದಲ್ಲಿದ್ದೇನೆ ಅನ್ನುವುದು. ಇನ್ನೊಂದು, ಇಲ್ಲಿ ನಡೆಯುತ್ತಿರುವುದು ನಿಜಕ್ಕೂ ನಡೆಯುತ್ತಿದೆ ಅನ್ನುವುದು. ತಲೆ ತಿರುಗಿಸಿದಂತೆ ದೃಶ್ಯವೂ ತಿರುಗಿದರೆ ಮೊದಲನೆಯದು ಬರುತ್ತದೆ. ಎದುರಿನವರು ನಿಮ್ಮತ್ತ ನೋಡಿದರೆ, ನೀವು ಇದ್ದೀರೆಂದು ಅವರಿಗೆ ಗೊತ್ತಿರುವ ಹಾಗಿದ್ದರೆ ಎರಡನೆಯದೂ ಗಟ್ಟಿಯಾಗುತ್ತದೆ. ಎರಡೂ ಸೇರಿದಾಗ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಪತ್ರಿಕೆಯಲ್ಲಿ ಓದುವಾಗ ಮನಸ್ಸಿಗೆ ಸಿಗುವ ಬಿಡುವು ಇಲ್ಲಿ ಸಿಗುವುದಿಲ್ಲ.

ಎರಡು ನಿಮಿಷಕ್ಕೇ ತಲೆ ಸುತ್ತಿ ವಾಂತಿ ಬರೋ ಹಾಗಾಯ್ತು. ನಂಗೇನಾದ್ರೂ ತೊಂದ್ರೆ ಇದೆಯಾ?

ಇಲ್ಲ. ಕಣ್ಣು ಚಲಿಸುತ್ತಿದ್ದೇನೆ ಅನ್ನುತ್ತದೆ, ಒಳಕಿವಿ ಸುಮ್ಮನೆ ಕೂತಿದ್ದೇನೆ ಅನ್ನುತ್ತದೆ. ಆ ಗೊಂದಲಕ್ಕೆ ಹಾಗಾಗುತ್ತದೆ. ಕೂತು ನೋಡಿ, ಕಷ್ಟವಾದರೆ ತೆಗೆದುಬಿಡಿ. ಮಾಡುವವರಿಗೆ ಒಂದು ಮಾತು: ನಡೆಯುತ್ತಾ, ಜೀಪಿನಲ್ಲಿ ಕೂತು ಚಿತ್ರೀಕರಿಸಬೇಡಿ. ಕ್ಯಾಮೆರಾ ನೆಟ್ಟ ಕಡೆ ನಿಲ್ಲಲಿ.

ಇದನ್ನು ನೋಡಿದವರಿಗೆ ಕರುಣೆ ಜಾಸ್ತಿ ಆಗುತ್ತೆ ಅಂತಾರಲ್ಲ, ನಿಜಾನಾ?

2015ರಲ್ಲಿ ಕ್ರಿಸ್ ಮಿಲ್ಕ್ ಎಂಬ ನಿರ್ದೇಶಕರು ವಿಆರ್ ಅನ್ನು ಸಹಾನುಭೂತಿಯ ಯಂತ್ರ ಎಂದು ಕರೆದರು. ಜೋರ್ಡಾನಿನ ಝಾತಾರಿ ಶಿಬಿರದಲ್ಲಿದ್ದ ಸಿರಿಯಾದ 12 ವರ್ಷದ ಹುಡುಗಿಯ ಬಗ್ಗೆ ವಿಶ್ವಸಂಸ್ಥೆಯ ಜೊತೆ ಅವರು ಮಾಡಿದ ವಿಆರ್ ಚಿತ್ರ ಆ ವರ್ಷ ತುಂಬಾ ಸುದ್ದಿಯಲ್ಲಿತ್ತು. ಯಂತ್ರ ಅನ್ನುವ ಮಾತು ಎಲ್ಲ ಕಡೆ ಅಂಟಿಕೊಂಡಿತು.

ಸಂಶೋಧನೆ ಅಷ್ಟು ಸರಳವಾಗಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಫರ್ನಾಂಡಾ ಹೆರೆರಾ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಕೆಲವರು ಮನೆ ಕಳೆದುಕೊಳ್ಳುವ ಕಥೆಯನ್ನು ವಿಆರ್‌ನಲ್ಲಿ ಅನುಭವಿಸಿದರು, ಕೆಲವರು ಅದನ್ನೇ ಓದಿ ಕಲ್ಪಿಸಿಕೊಂಡರು. ಆ ಕ್ಷಣದ ಸಹಾನುಭೂತಿ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ವಾರಗಳು ಕಳೆದ ಮೇಲೂ ವಿಆರ್ ನೋಡಿದವರ ಮನೋಭಾವ ಮೆತ್ತಗೇ ಉಳಿದಿತ್ತು. ವಸತಿ ಬೇಡಿಕೆಯ ಮನವಿಗೆ ಸಹಿ ಹಾಕಿದವರೂ ಅವರಲ್ಲೇ ಜಾಸ್ತಿ. ಇದು ಒಳ್ಳೆಯ ಸುದ್ದಿ.

ಇನ್ನೊಂದು ಮುಖವೂ ಇದೆ. ಹೆರೆರಾ ಅವರೂ ಸೇರಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2021ರ ವರದಿಯ ಪ್ರಕಾರ, ವಿಆರ್ ಮರುಕವನ್ನು ಹೆಚ್ಚಿಸುತ್ತದೆ. ಆದರೆ ಇನ್ನೊಬ್ಬರು ಹೇಗೆ ಯೋಚಿಸುತ್ತಾರೆ ಎಂದು ತಿಳಿದುಕೊಳ್ಳುವ ಶಕ್ತಿಯನ್ನು ಹೆಚ್ಚಿಸುವುದಿಲ್ಲ. 2015ರ ಇನ್ನೊಂದು ಪ್ರಯೋಗ ನನ್ನನ್ನು ಹೆಚ್ಚು ಕಾಡಿದೆ. ಏರಿಯಲ್ ಸಿಲ್ವರ್‌ಮನ್ ಮತ್ತು ಜೊತೆಗಾರರು ಕೆಲವರ ಕಣ್ಣಿಗೆ ಬಟ್ಟೆ ಕಟ್ಟಿ ಓಡಾಡಿಸಿದರು. ಆಮೇಲೆ ಕೇಳಿದರೆ, ಅಂಧರು ಕೆಲಸ ಮಾಡಿ ಸ್ವತಂತ್ರವಾಗಿ ಬದುಕಬಲ್ಲರು ಅನ್ನುವ ನಂಬಿಕೆಯೇ ಅವರಲ್ಲಿ ಕಡಿಮೆಯಾಗಿತ್ತು. ಯಾಕೆಂದರೆ ಅವರು ಅನುಭವಿಸಿದ್ದು ಕುರುಡಾದ ಮೊದಲ ಕೆಲವು ನಿಮಿಷಗಳ ಗಾಬರಿ. ವರ್ಷಗಟ್ಟಲೆ ಕಲಿತ ಬದುಕನ್ನಲ್ಲ.

ಇದನ್ನು ನಮ್ಮ ಊರಿಗೆ ಹಚ್ಚಿ ನೋಡಿ. ಮಕ್ಕಂದೂರು, ಜೋಡುಪಾಲ, ಕಾಲೂರು ಕಡೆಯವರನ್ನು 2018ರ ಭೂಕುಸಿತದ ಪರಿಹಾರ ಕೇಂದ್ರದ ಮೂರು ನಿಮಿಷದ ದೃಶ್ಯದಲ್ಲಿ ಮಾತ್ರ ತೋರಿಸಿದರೆ, ನೋಡಿದವರಿಗೆ ಅವರು ಯಾವತ್ತೂ ಗೋಡೆಗೆ ಒರಗಿ ಕೂತ ನಿರಾಶ್ರಿತರೇ. ಮರುವರ್ಷ ತೋಟಕ್ಕೆ ಗೊಬ್ಬರ ಹಾಕಿದವರು, ಜಂಬೂರು, ಮದೆನಾಡು, ಕರ್ಣಂಗೇರಿಯ ಹೊಸ ಮನೆಗಳ ಮುಂದೆ ಹೂವಿನ ಗಿಡ ನೆಟ್ಟವರು ಅದರಲ್ಲಿ ಇಲ್ಲ. ಮರುಕ ಹುಟ್ಟಿತು, ಆದರೆ ಗೌರವ ಕಡಿಮೆಯಾಯಿತು. ಈ ಲೆಕ್ಕ ನನಗೆ ಸರಿ ಕಾಣುವುದಿಲ್ಲ.

ಭೂಕುಸಿತದಲ್ಲಿ ಮನೆ ಕಳ್ಕೊಂಡವರಿಗೇ ಇದನ್ನು ತೋರಿಸಿದ್ರೆ ಮನಸ್ಸು ಹಗುರ ಆಗುತ್ತಾ? ಸೈನಿಕರಿಗೆ ವಿಆರ್ ಥೆರಪಿ ಕೊಡ್ತಾರಂತಲ್ಲ?

ದಯವಿಟ್ಟು ಹಾಗೆ ಮಾಡಬೇಡಿ. ಇರಾಕ್ ಯುದ್ಧದಿಂದ ಬಂದ ಅಮೆರಿಕದ ಸೈನಿಕರಿಗೆ ವಿಆರ್ ಬಳಸಿ ಚಿಕಿತ್ಸೆ ಕೊಟ್ಟದ್ದು ನಿಜ. ಆದರೆ ಅಲ್ಲಿ ಪಕ್ಕದಲ್ಲಿ ತರಬೇತಾದ ಮನೋವೈದ್ಯರಿರುತ್ತಾರೆ. ದೃಶ್ಯವನ್ನು ಆ ವ್ಯಕ್ತಿ ತಾಳುವಷ್ಟೇ, ಹಂತ ಹಂತವಾಗಿ ತೋರಿಸುತ್ತಾರೆ. ಸಾಕು ಅಂದರೆ ನಿಲ್ಲಿಸುತ್ತಾರೆ, ಆಮೇಲೆ ಕೂತು ಮಾತಾಡುತ್ತಾರೆ, ವಾರಗಟ್ಟಲೆ ಮುಂದುವರಿಸುತ್ತಾರೆ. ಒಂದು ಸಭಾಂಗಣದಲ್ಲಿ ಹೆಡ್‌ಸೆಟ್ ಇಟ್ಟು ಸಾಲಿನಲ್ಲಿ ತೋರಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಮ್ಮಲ್ಲಿ ಆಗಸ್ಟ್ ಬಂದರೆ ಎಷ್ಟೋ ಮನೆಗಳಲ್ಲಿ ರಾತ್ರಿ ನಿದ್ದೆ ಇಲ್ಲ. 2018, 2019, 2020 ಮೂರು ವರ್ಷವೂ ಅದೇ ತಿಂಗಳು ಗುಡ್ಡ ಜಾರಿತು. ಜೋರು ಮಳೆ ಹಿಡಿದರೆ ಬಟ್ಟೆಬರೆ, ದಾಖಲೆ ಪತ್ರ ಚೀಲಕ್ಕೆ ತುಂಬಿ ಬಾಗಿಲ ಹತ್ತಿರ ಇಟ್ಟುಕೊಳ್ಳುವವರಿದ್ದಾರೆ. ಅಂಥವರ ಕಿವಿಗೆ ಎಲ್ಲ ದಿಕ್ಕಿನಿಂದ ಆ ಸದ್ದು ಬಿಟ್ಟರೆ ಏನಾಗಬಹುದು ಅನ್ನುವುದಕ್ಕೆ ಪ್ರಯೋಗ ಬೇಕಿಲ್ಲ. ತಮ್ಮ ಊರಿನ ಕಥೆ ಹೇಗೆ ಬಂದಿದೆ ಎಂದು ನೋಡುವ ಹಕ್ಕು ಅವರಿಗೆ ಖಂಡಿತ ಇದೆ. ಮೊದಲು ಬಾಯಲ್ಲಿ ಹೇಳಿ, ಏನೇನು ಇದೆ ಅಂತ. ಬೇಕೆಂದರೆ ಮಾಮೂಲಿ ಪರದೆಯಲ್ಲಿ, ಸದ್ದು ಕಡಿಮೆ ಮಾಡಿ, ಮನೆಯವರ ಜೊತೆ ಕೂತು ತೋರಿಸಿ.

ನಮ್ಮ ಶಾಲೆ ಮಕ್ಕಳಿಗೆ ತೋರಿಸಬಹುದಾ?

ಚಿಕ್ಕವರಿಗೆ ಬೇಡ. 2009ರಲ್ಲಿ ಸೆಗೋವಿಯಾ ಮತ್ತು ಬೈಲೆನ್ಸನ್ ಒಂದು ಅಧ್ಯಯನ ಮಾಡಿದರು. ತಾವು ತಿಮಿಂಗಿಲದ ಜೊತೆ ಈಜುವುದನ್ನು ವಿಆರ್‌ನಲ್ಲಿ ನೋಡಿದ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಎಷ್ಟೋ ಜನ, ಕೆಲವು ದಿನದ ನಂತರ ಅದು ನಿಜಕ್ಕೂ ನಡೆದಿತ್ತು ಅಂದರು. ತಿಮಿಂಗಿಲದ ಬದಲು ಕುಸಿಯುವ ಗುಡ್ಡ ಇದ್ದರೆ ಯೋಚಿಸಿ. ಮೆಟಾ ಕಂಪನಿಯೇ ತನ್ನ ಕ್ವೆಸ್ಟ್ ಹೆಡ್‌ಸೆಟ್ 10 ವರ್ಷದೊಳಗಿನವರಿಗಲ್ಲ, 10ರಿಂದ 12ರವರೆಗೆ ಪೋಷಕರ ನಿಗಾ ಬೇಕು ಅನ್ನುತ್ತದೆ. ಹೈಸ್ಕೂಲಿನವರಿಗೆ ತೋರಿಸುವುದಾದರೆ ಗಾಬರಿ ಹುಟ್ಟಿಸದ ವಿಷಯ ಆರಿಸಿ. ದೇವರಕಾಡಿನ ಒಳಗಿನ ಮರಗಳು, ಕಾಫಿ ಹೂವು ಬಿಟ್ಟ ತೋಟ, ಒಂದು ಐನ್‌ಮನೆಯ (ಕೊಡವ ಕುಟುಂಬದ ಮೂಲ ಮನೆ) ಅಂಗಳ. ಮಕ್ಕಳಿಗೆ ಖುಷಿಯೂ ಆಗುತ್ತದೆ.

ಇಂಥ ಫುಟೇಜ್ ಎಡಿಟ್ ಮಾಡಿ ಮಾಡಿ ನಂಗೇ ನಿದ್ದೆ ಬರ್ತಿಲ್ಲ. ಹೀಗಾಗೋದು ಸಹಜಾನಾ?

ಸಹಜ. ನೋಡುವವರು ಒಮ್ಮೆ ನೋಡುತ್ತಾರೆ, ಎಡಿಟ್ ಮಾಡುವವರು ಹೆಡ್‌ಸೆಟ್ ಹಾಕಿಕೊಂಡು ಅದೇ ಅಳುವನ್ನು ಮತ್ತೆ ಮತ್ತೆ ಕೇಳುತ್ತಾರೆ. ಜೋಡಣೆಯ ಕೆಲಸವನ್ನು ಮಾಮೂಲಿ ಪರದೆಯಲ್ಲಿ, ಸದ್ದು ಆರಿಸಿ ಮಾಡಿ. ಕೊನೆಯ ಪರೀಕ್ಷೆಗೆ ಮಾತ್ರ ಹೆಡ್‌ಸೆಟ್ ಹಾಕಿ. ರಾತ್ರಿ ಒಬ್ಬರೇ ಕೂತು ಮಾಡಬೇಡಿ. ವಾರಗಟ್ಟಲೆ ನಿದ್ದೆ ಬರದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಇದು ಉಚಿತ, ಕನ್ನಡದಲ್ಲೂ ಮಾತಾಡಬಹುದು. ಇದು ಕೆಲಸದಿಂದ ಬಂದ ಪೆಟ್ಟು. ಸಂಪಾದಕರಿಗೆ ಹೇಳಿಕೊಳ್ಳಲು ನಾಚಿಕೆ ಬೇಡ.

## ಚಿತ್ರೀಕರಿಸುವಾಗ

ಒಪ್ಪಿಗೆ ತಗೊಂಡಿದ್ದೀವಿ, ಸಹಿನೂ ಹಾಕಿಸಿದ್ದೀವಿ. ಅಷ್ಟು ಸಾಲಲ್ವಾ?

ಸಾಲದು. ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಕೊಡಗಿನಲ್ಲಿ ಬಹುತೇಕ ತಪ್ಪುಗಳು ಇಲ್ಲೇ ಆಗುತ್ತವೆ.

ಒಂದು ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಕೋಣೆಯ ನಡುವೆ ಕ್ಯಾಮೆರಾ ಇಟ್ಟರೆ ಏನೆಲ್ಲ ಸೆರೆಯಾಗುತ್ತದೆ ನೋಡಿ. ಮುಂದೆ ಮಾತಾಡುವ ಹೆಂಗಸು. ಅವರ ಹಿಂದಿನ ಗೂಡಿನಲ್ಲಿ ರೇಷನ್ ಕಾರ್ಡ್, ಅರ್ಧ ಖಾಲಿಯಾದ ಬಿಪಿ ಮಾತ್ರೆಯ ಹಾಳೆ. ಪಕ್ಕದ ಹಗ್ಗದಲ್ಲಿ ಒಣಗಲು ಹಾಕಿದ ಒಳಬಟ್ಟೆ. ಬಾಗಿಲಲ್ಲಿ ಇಣುಕುವ ಪಕ್ಕದ ಮನೆಯ ಮಗು, ಶಾಲೆಯ ಯೂನಿಫಾರ್ಮಿನಲ್ಲಿ, ಎದೆಯ ಮೇಲೆ ಹೆಸರಿನ ಬ್ಯಾಡ್ಜ್ ಸಮೇತ. ಮೂಲೆಯಲ್ಲಿ ಕುಡಿದು ಮಲಗಿದ ಯಾರೋ. ಮಾಮೂಲಿ ಕ್ಯಾಮೆರಾದಲ್ಲಿ ಇದರಲ್ಲಿ ಬಹುಪಾಲು ಬರುವುದಿಲ್ಲ. ಇಲ್ಲಿ ಎಲ್ಲವೂ ಬರುತ್ತದೆ, ನೋಡುವವರು ಎಷ್ಟು ಹೊತ್ತು ಬೇಕಾದರೂ ಅದನ್ನೇ ದಿಟ್ಟಿಸಬಹುದು. ಸಹಿ ಹಾಕಿದವರು ಒಬ್ಬರು, ಚಿತ್ರದೊಳಗೆ ಬಂದವರು ಮೂರು ಜನ.

ಇನ್ನೊಂದು, ಯಾರನ್ನು ಕೇಳಿದಿರಿ ಅನ್ನುವುದು. ತೋಟದ ಸಾಹುಕಾರರು ಹೂಂ ಅಂದರೆ ತೋಟದೊಳಗೆ ಕಾಲಿಡಲು ಅನುಮತಿ ಸಿಕ್ಕಿತು ಅಷ್ಟೇ. ಲೈನ್ ಮನೆಯವರ ಒಪ್ಪಿಗೆ ಬೇರೆ. ತೋಟದ ಕೆಲಸ ನೋಡಿಕೊಳ್ಳುವ ರೈಟರು ಪಕ್ಕದಲ್ಲಿ ನಿಂತಿರುವಾಗ ಕೇಳಿದರೆ ಅದು ಒಪ್ಪಿಗೆಯೇ ಅಲ್ಲ. ಯಾವ ಭಾಷೆಯಲ್ಲಿ ಕೇಳಿದಿರಿ ಅನ್ನುವುದೂ ಇದೆ. ಎರವರ ಭಾಷೆ, ಜೇನುಕುರುಬರ ಭಾಷೆ, ಮಲಯಾಳ, ತಮಿಳು, ಈಗ ಅಸ್ಸಾಮಿ, ಬಂಗಾಳಿ ಮಾತಾಡುವವರೂ ನಮ್ಮ ತೋಟಗಳಲ್ಲಿದ್ದಾರೆ. ಕನ್ನಡದ ಫಾರ್ಮಿಗೆ ಹೆಬ್ಬೆಟ್ಟು ಒತ್ತಿಸುವುದು ಕಾಗದದ ಕೆಲಸ. ಐನ್‌ಮನೆಯಾದರೆ ಒಕ್ಕದ (ಕುಲದ) ಹಿರಿಯರಾದ ಪಟ್ಟೆದಾರರನ್ನು ಕೇಳಬೇಕು. ಪೂರ್ವಜರ ಗುಡಿಯಾದ ಕೈಮಡದ ಹತ್ತಿರ ಕ್ಯಾಮೆರಾ ಇಡಬಹುದೇ ಎಂದು ಬೇರೆಯಾಗಿಯೇ ಕೇಳಬೇಕು.

ನಾನು ಎಲ್ಲರಿಗೂ ಹೇಳುವ ಕ್ರಮ ಇದು. ಮೊದಲು ಬೇರೆ ಯಾವುದಾದರೂ 360 ವಿಡಿಯೊವನ್ನು ಹೆಡ್‌ಸೆಟ್‌ನಲ್ಲಿ ಅವರಿಗೆ ತೋರಿಸಿ. "ಅಕ್ಕ, ನಾಳೆ ನಿಮ್ಮ ಮನೆ ಒಳಗೆ ಜನ ಹೀಗೆ ನಿಂತು ನೋಡ್ತಾರೆ, ಪರವಾಗಿಲ್ವಾ?" ಅಂತ ಕೇಳಿ. ಅವತ್ತೇ ಉತ್ತರ ಕೇಳಬೇಡಿ. ಮರುದಿನ ಹೋಗಿ. ಒಪ್ಪಿದರೆ ಕೋಣೆಯಲ್ಲಿ ಏನು ಇರಬೇಕು, ಏನು ತೆಗೆಯಬೇಕು ಎಂದು ಅವರೇ ಹೇಳಲಿ. ಚಿತ್ರೀಕರಿಸಿದ ಮೇಲೆ ಅವರಿಗೆ ತೋರಿಸಿ, ಮತ್ತೆ ಕೇಳಿ.

ಕ್ಯಾಮೆರಾದಲ್ಲಿ ನಾವು ಕಾಣಬಾರದು ಅಂತ ಹೊರಗೆ ಹೋಗಿ ನಿಲ್ತೀವಿ. ಅದರಲ್ಲಿ ತಪ್ಪೇನು?

ಮಾತಾಡುವವರು ಒಂದು ಯಂತ್ರದ ಎದುರು ಒಂಟಿಯಾಗುತ್ತಾರೆ. ನಡುವೆ ಅಳು ಬಂದರೆ ನೀರು ಕೊಡುವವರಿಲ್ಲ, ಸಾಕು ಬಿಡಿ ಅನ್ನುವವರಿಲ್ಲ. ನೀವು ಗೋಡೆಯ ಆಚೆ ಮೊಬೈಲಿನಲ್ಲಿ ನೋಡುತ್ತಿರುತ್ತೀರಿ. ನನ್ನ ಮಟ್ಟಿಗೆ ದಾರಿ ಸುಲಭ: ಚೌಕಟ್ಟಿನೊಳಗೇ ಕೂರಿ. ನಾನು ವರದಿಗಾರ, ಇವರನ್ನು ಮಾತಾಡಿಸಿದ್ದೇನೆ ಎಂದು ನೋಡುವವರಿಗೂ ಗೊತ್ತಾಗಲಿ. ಯಾರೂ ಇಲ್ಲದ ಕೋಣೆಗೆ ತಾವೇ ಬಂದ ಹಾಗೆ ಅನಿಸುವುದಕ್ಕಿಂತ ಇದು ಹೆಚ್ಚು ಪ್ರಾಮಾಣಿಕ.

ಟ್ರೈಪಾಡ್ ಅಳಿಸೋದು, ದೃಶ್ಯ ಮರುಸೃಷ್ಟಿ ಮಾಡೋದು, ಇವೆಲ್ಲ ಸುಳ್ಳಲ್ವಾ?

ಚಿತ್ರದಲ್ಲಿ ಕಾಣುವ ಟ್ರೈಪಾಡ್, ಅಂದರೆ ಕ್ಯಾಮೆರಾ ನಿಲ್ಲಿಸಿದ ಮುಕ್ಕಾಲಿಯನ್ನು ಅಳಿಸುವುದು ಸಣ್ಣದು, ಒಂದು ಸಾಲಿನಲ್ಲಿ ಹೇಳಿಬಿಟ್ಟರೆ ಮುಗಿಯಿತು. ಮರುಸೃಷ್ಟಿ ಹಾಗಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿ ಸಂಸ್ಥೆಯ ಟಾಮ್ ಕೆಂಟ್ 2015ರಲ್ಲೇ ಎಚ್ಚರಿಸಿದ್ದರು: ಯಾವುದು ದಾಖಲೆ, ಯಾವುದು ಊಹೆ ಎಂದು ನೋಡುವವರಿಗೆ ತಿಳಿಯಬೇಕು. ಬರಹದಲ್ಲಿ "ಎನ್ನಲಾಗಿದೆ" ಅಂತ ಬರೆದು ಅನುಮಾನ ತೋರಿಸಬಹುದು. ಕಟ್ಟಿದ ಕೋಣೆಯಲ್ಲಿ ಅನುಮಾನಕ್ಕೆ ಜಾಗವಿಲ್ಲ. ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಗೊತ್ತಿಲ್ಲದಿದ್ದರೂ ಒಂದನ್ನು ಆರಿಸಿ ಕಟ್ಟಲೇಬೇಕು. ಹಾಗಾಗಿ ಗೊತ್ತಿಲ್ಲದ ಭಾಗವನ್ನು ಗೊತ್ತಿಲ್ಲ ಎಂದೇ ಕಾಣಿಸಿ. ಬಣ್ಣವಿಲ್ಲದೆ ಬಿಡಿ, ಬರೀ ಗೆರೆಯಲ್ಲಿ ತೋರಿಸಿ. ನಿಜವಾದ ಧ್ವನಿ ಎಲ್ಲಿ ಶುರುವಾಗುತ್ತದೆ ಎಂದು ಹೇಳಿ.

ಸಿದ್ದಾಪುರ ಕಡೆ ಆನೆ ದಾಳಿ ಆದದ್ದನ್ನು ಕಾರ್ಮಿಕರ ಕಣ್ಣಿಂದ ಕಟ್ಟಿದ್ರೆ ಜನಕ್ಕೆ ಅರ್ಥ ಆಗಲ್ವಾ?

ಹೆದರಿಕೆ ಅರ್ಥವಾಗುತ್ತದೆ. ಸಮಸ್ಯೆ ಅರ್ಥವಾಗುವುದಿಲ್ಲ. ಸತ್ತವರ ಕೊನೆಯ ಗಳಿಗೆಯನ್ನು ಅವರ ಕಣ್ಣಿನಿಂದ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ಬಲ್ಲವರು ಯಾರೂ ಉಳಿದಿಲ್ಲ, ಮನೆಯವರಿಗೆ ಅದು ಬದುಕಿರುವ ತನಕ ನೋವು. ಬದಲಿಗೆ ಆ ದಾರಿಯನ್ನು ತೋರಿಸಿ. ಬೆಳಗಿನ ಮಂಜಿನಲ್ಲಿ ಲೈನ್ ಮನೆಯಿಂದ ಕೆಲಸಕ್ಕೆ ನಡೆಯುವ ತೋಟದ ರಸ್ತೆ, ಎರಡೂ ಕಡೆ ಆಳೆತ್ತರದ ಕಾಫಿ ಗಿಡ, ಹತ್ತಡಿ ಆಚೆ ಏನಿದೆ ಎಂದು ಕಾಣದಿರುವುದು, ಮುಂದೆ ಹೋಗುವವರು ಜೋರಾಗಿ ಮಾತಾಡುತ್ತಾ ನಡೆಯುವುದು. ಅಲ್ಲಿ ನಿಲ್ಲಿಸಿ, ಬದುಕಿರುವ ಕಾರ್ಮಿಕರ ಧ್ವನಿ ಕೇಳಿಸಿ. ಆನೆ ಬಾರದಿದ್ದರೂ ನೋಡುವವರಿಗೆ ದಿನದಿನದ ಭಯ ತಿಳಿಯುತ್ತದೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಆದಿವಾಸಿಗಳ ಹಾಡಿ, ಲೈನ್ ಮನೆ ಒಳಗೆ ಜನರನ್ನು ಕರ್ಕೊಂಡು ಹೋಗೋದು ಬಡತನದ ಟೂರಿಸಂ ಅಲ್ವಾ?

ಆಗಬಹುದು. ನಮ್ಮದು ಪ್ರವಾಸಿಗರ ಜಿಲ್ಲೆ. ನೋಡಲಿಕ್ಕೆಂದೇ ಬರುವವರ ಕಣ್ಣು ನಮಗೆ ಚೆನ್ನಾಗಿ ಗೊತ್ತು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ತೆರವು ಮಾಡಿದಾಗ ಎಷ್ಟೋ ಕ್ಯಾಮೆರಾಗಳು ಬಂದವು. ಆಮೇಲೆ ಅವರಲ್ಲಿ ಹಲವರು ಬ್ಯಾಡಗೊಟ್ಟ, ಬಸವನಹಳ್ಳಿಯ ಹೊಸ ಮನೆಗಳಿಗೆ ಹೋದರು. ಅಲ್ಲಿ ಬದುಕು ಹೇಗಿದೆ ಎಂದು ನೋಡಲು ಹೋದ ಕ್ಯಾಮೆರಾಗಳು ತೀರಾ ಕಡಿಮೆ.

ಸಂಶೋಧಕಿ ಕೇಟ್ ನ್ಯಾಶ್ ಇದರ ಬಗ್ಗೆ ಬರೆದಿದ್ದಾರೆ. ವಿಆರ್‌ನಲ್ಲಿ ನೋಡುವವರು ತಮ್ಮ ಅನುಭವದಲ್ಲೇ ಮುಳುಗಿ, ಎದುರಿನ ಮನುಷ್ಯರನ್ನು ಮರೆಯುವ ಅಪಾಯವಿದೆ ಅನ್ನುತ್ತಾರೆ. ಹೊರಗೆ ಬಂದವರು "ನನಗೆ ಎಷ್ಟು ಕಷ್ಟ ಆಯ್ತು ಗೊತ್ತಾ" ಅಂದರೆ ಅದೇ ಆಗಿದೆ ಎಂದರ್ಥ. "ಆ ಅಮ್ಮನಿಗೆ ಹಕ್ಕುಪತ್ರ ಸಿಕ್ತಾ?" ಎಂದು ಕೇಳಿದರೆ ಕೆಲಸ ಆಯಿತು. ಹಾಗಾಗಿ ನಾನು ಕೇಳುವುದು ಇಷ್ಟು: ಆ ಮನೆಯವರು ಕಷ್ಟಪಡುವುದು ಮಾತ್ರ ಕಾಣುತ್ತದೆಯೋ, ವಾದಿಸುವುದು, ನಗುವುದು, ಲೆಕ್ಕ ಕೇಳುವುದೂ ಕಾಣುತ್ತದೆಯೋ?

ಸುತ್ತ ಎಲ್ಲವೂ ಕಾಣುತ್ತಲ್ಲ, ಹಾಗಾದ್ರೆ ಇದು ಹೆಚ್ಚು ಸತ್ಯ ಅಲ್ವಾ?

ಎಲ್ಲ ದಿಕ್ಕೂ ಕಾಣುತ್ತದೆ, ಎಲ್ಲ ಕಾಲವೂ ಕಾಣುವುದಿಲ್ಲ. ನನಗೆ ಇದು ಈ ಮಾಧ್ಯಮದ ಅತಿ ದೊಡ್ಡ ಕೊರತೆ. ಜಾರಿದ ಗುಡ್ಡದ ಬುಡದಲ್ಲಿ 360 ಕ್ಯಾಮೆರಾ ಇಡಿ. ಕೆಂಪು ಮಣ್ಣು, ಬುಡಮೇಲಾದ ಸಿಲ್ವರ್ ಓಕ್, ಅರ್ಧ ಹೂತ ಕಾಫಿ ಕಣ, ಮೇಲೆ ಆಕಾಶ. ದಿನಗಟ್ಟಲೆ ಬಿಡದೆ ಸುರಿದ ಮಳೆ ಅಲ್ಲಿಲ್ಲ. ಮೇಲಿನ ಇಳಿಜಾರನ್ನು ಕಡಿದು ಮಾಡಿದ ರಸ್ತೆ, ಕಟ್ಟಡಕ್ಕೆಂದು ಸಮ ಮಾಡಿದ ಜಾಗ, ನೀರು ಹರಿಯುವ ದಾರಿ ಮುಚ್ಚಿದ್ದು, ಅದಕ್ಕೆಲ್ಲ ಸಹಿ ಹಾಕಿದ ಕಡತ ಯಾವುದೂ ಆ ದೃಶ್ಯದಲ್ಲಿಲ್ಲ. 2018ರ ಕುಸಿತಗಳಲ್ಲಿ ವಿಪರೀತ ಮಳೆಯ ಜೊತೆ ಮನುಷ್ಯರು ಇಳಿಜಾರನ್ನು ಬದಲಿಸಿದ್ದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದ್ದಾರೆ. ನಿಂತು ನೋಡುವವರಿಗೆ ಮಾತ್ರ ಅದು ದೇವರ ಮುನಿಸಿನ ಹಾಗೆ ಕಾಣುತ್ತದೆ. ಯಾರೂ ಹೊಣೆಯಲ್ಲ ಅನಿಸುತ್ತದೆ.

ಮನಶ್ಶಾಸ್ತ್ರಜ್ಞ ಪಾಲ್ ಬ್ಲೂಮ್ ಸಹಾನುಭೂತಿಯ ಬಗ್ಗೆಯೇ ಇಂಥ ಆಕ್ಷೇಪ ಎತ್ತಿದ್ದಾರೆ. ಅದು ಕಣ್ಣೆದುರಿನ ಒಬ್ಬರ ಮೇಲೆ ಬೆಳಕು ಚೆಲ್ಲುತ್ತದೆ, ಕಾಣದ ಸಾವಿರ ಜನ ಕತ್ತಲಲ್ಲೇ ಉಳಿಯುತ್ತಾರೆ ಅನ್ನುವುದು ಅವರ ವಾದ. ಇದಕ್ಕೆ ವಿಆರ್ ಬಿಡಬೇಕಿಲ್ಲ. ಜೊತೆಗೆ ಬರಹ ಇರಲಿ, ನಕ್ಷೆ ಇರಲಿ, ಅದೇ ಇಳಿಜಾರಿನ ಹಳೆಯ ಉಪಗ್ರಹ ಚಿತ್ರ ಇರಲಿ. ಹೆಡ್‌ಸೆಟ್ ತೆಗೆದ ಕೂಡಲೇ ಓದಲು ಸಿಗುವ ಹಾಗೆ ಕೊಡಿ. ಮನಸ್ಸು ಮೆತ್ತಗಾಗಿರುವ ಆ ಹತ್ತು ನಿಮಿಷದಲ್ಲಿ ಜನ ಓದುತ್ತಾರೆ.

ಮುಖ ಬ್ಲರ್ ಮಾಡಿದ್ರೆ ಗುರುತು ಸಿಗಲ್ಲ ಅಲ್ವಾ?

ಸಣ್ಣ ಊರಲ್ಲಿ ಸಿಗುತ್ತದೆ. ಕಿಟಕಿಯಾಚೆಯ ಬೆಟ್ಟ, ಗೇಟಿನ ಬಣ್ಣ, ನಾಯಿ, ಧ್ವನಿ, ಇಷ್ಟು ಸಾಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್, ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇವೆ. ಇಂಥ ಪ್ರಕರಣಗಳಿಗೆ 360 ಬಳಸಲೇಬೇಡಿ. ಬರಹ ಸಾಕು.

ಹೆಡ್‌ಸೆಟ್ ನಮ್ಮ ಬಗ್ಗೆನೂ ಏನಾದ್ರೂ ದಾಖಲೆ ಮಾಡ್ಕೊಳ್ಳುತ್ತಾ?

ಮಾಡಿಕೊಳ್ಳುತ್ತದೆ. ತಲೆ ಎತ್ತ ತಿರುಗಿತು, ಎಷ್ಟು ಹೊತ್ತು ನಿಂತಿತು ಅನ್ನುವುದು ಎಲ್ಲ ಹೆಡ್‌ಸೆಟ್‌ಗೂ ಗೊತ್ತು. ಕೆಲವು ಕಣ್ಣಿನ ಚಲನೆಯನ್ನೂ ಹಿಡಿಯುತ್ತವೆ. ಯಾರು ಯಾವ ಜಾತಿಯವರ ಮನೆಯಲ್ಲಿ ಮುಖ ತಿರುಗಿಸಿದರು, ಯಾವ ಭಾಷಣಕ್ಕೆ ಕಣ್ಣರಳಿಸಿದರು ಎಂಬುದು ಜಾಹೀರಾತಿನವರಿಗೂ ಪಕ್ಷದವರಿಗೂ ಬೇಕಾದ ಮಾಹಿತಿ. 2016ರಲ್ಲಿ ಮೆಡರಿ ಮತ್ತು ಮೆಟ್ಸಿಂಗರ್ ಬರೆದ ವಿಆರ್ ನೀತಿಸಂಹಿತೆ ಖಾಸಗಿತನದ ಈ ಅಪಾಯವನ್ನು ಆಗಲೇ ಎತ್ತಿ ತೋರಿಸಿತ್ತು. ಸುದ್ದಿ ಸಂಸ್ಥೆ ಇದನ್ನು ಸಂಗ್ರಹಿಸಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಎಐ ಬಳಸಿ ಪೂರ್ತಿ ದೃಶ್ಯ ತಯಾರಿಸಬಹುದಲ್ಲ ಈಗ?

ತಯಾರಿಸಬಹುದು, ಸುದ್ದಿ ಅನ್ನಬಾರದು. ಮಳೆಗಾಲದಲ್ಲಿ ಬೇರೆಲ್ಲೋ ಆದ ಪ್ರವಾಹದ ವಿಡಿಯೊ ಕೊಡಗಿನದು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ಹೊರಗಿರುವ ಮಕ್ಕಳು ಮನೆಗೆ ಫೋನ್ ಮೇಲೆ ಫೋನ್ ಮಾಡುತ್ತಾರೆ. ಅದರೊಳಗೆ ನಿಲ್ಲುವ ಹಾಗೆ ಮಾಡಿದರೆ ಹಾನಿ ಇನ್ನೂ ಜಾಸ್ತಿ.

ಒಪ್ಪಿಗೆ ಕೊಟ್ಟವರು ಎಷ್ಟೋ ವರ್ಷ ಆದ್ಮೇಲೆ ತೆಗೀರಿ ಅಂದ್ರೆ ತೆಗೀಬೇಕಾ?

ತೆಗೆಯಬೇಕು. 2018ರಲ್ಲಿ ಪರಿಹಾರ ಕೇಂದ್ರದಲ್ಲಿ ಅಳುತ್ತಾ ಕೂತಿದ್ದ ಹುಡುಗಿಗೆ ಈಗ ಮದುವೆ ವಯಸ್ಸು. ಆ ಕೋಣೆಯಲ್ಲಿ ಅಪರಿಚಿತರು ಇವತ್ತಿಗೂ ತನ್ನ ಪಕ್ಕ ಬಂದು ನಿಲ್ಲುವುದು ಬೇಡ ಅನಿಸಿದರೆ ಅದು ನ್ಯಾಯವೇ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕನ್ನು ಹೇಳುತ್ತದೆ. ಅಧಿಕಾರಿಯ, ರಾಜಕಾರಣಿಯ ವಿಷಯ ಬೇರೆ. ಅವರು ಕೇಳಿದರೆಂದು ತೆಗೆಯಬೇಕಿಲ್ಲ.

ಚಿತ್ರೀಕರಣದ ದಿನವೇ ಒಂದು ಚೀಟಿ ಬರೆದು ಕೊಡಿ. ನಿಮ್ಮ ಹೆಸರು, ಸಂಸ್ಥೆಯ ಹೆಸರು, ಫೋನ್ ನಂಬರ್, ವಿಡಿಯೊ ಎಲ್ಲಿ ಇರುತ್ತದೆ, ಬೇಡ ಅನಿಸಿದರೆ ಯಾರಿಗೆ ಹೇಳಬೇಕು ಎಲ್ಲವೂ ಅದರಲ್ಲಿರಲಿ. ನೀವು ಕೆಲಸ ಬಿಟ್ಟರೂ ಉಳಿಯುವ ನಂಬರ್ ಹಾಕಿ. ಬೇರೆ ಉತ್ಸವಕ್ಕೋ ವಸ್ತುಪ್ರದರ್ಶನಕ್ಕೋ ಅದೇ ವಿಡಿಯೊ ಕಳಿಸುವ ಮುಂಚೆ ಮತ್ತೆ ಫೋನ್ ಮಾಡಿ ಕೇಳಿ. ಸಿಗದಿದ್ದರೆ ಊರಿಗೆ ಹೋಗಿ ಕೇಳಿ. ಅವರು ಸಿಗುವ ತನಕ ಕಳಿಸಬೇಡಿ.